ಇಪ್ಪತ್ತೈದು ಡಿಗ್ರಿ ಕಡಿಮೆ

ಏಪ್ರಿಲ್ 22

ಬಾಬಿನ್,

ನೀನು ಹೋಗಿ ಮುಟ್ಟಿದ ಸುದ್ದಿ ಫೋನಿನಲ್ಲಿ ಬಂತು. ಸುದ್ದಿಯೇನು ಬಂತು, ಹಿಂದೆ ಆಟದ ಹುಡುಗರ ಗದ್ದಲ, ಮುಂದೆ ನಿನ್ನ ಹ್ಞಾಂ, ಹ್ಞೂಂ. ಫೋನ್ ಇಟ್ಟ ಮೇಲೆ ಅಮ್ಮ, "ಇವನ ಮಾತು ಗಾಳಿಗೆ ಹೋಯ್ತು. ಕಾಗದ ಬರಿ ಅನ್ನು, ಎರಡು ಸಲ ಓದಿಸ್ಕೋತೀನಿ" ಅಂದಳು. ಆದ್ದರಿಂದ ಇನ್ನು ಮೇಲೆ ಕಾಗದವೇ ಗತಿ. ಬರೆಯಲು ಸೋಮಾರಿತನ ಮಾಡಿದರೆ, ಚಿಕ್ಕಂದಿನಲ್ಲಿ ನೀನು ಹೊಲಿಗೆ ಯಂತ್ರದ ಕೆಳಗೆ ಬಾಬಿನ್ನಿನ ಹಾಗೆ ಉರುಳಿಕೊಂಡು ಹೋಗಿ ಸಿಕ್ಕಿಹಾಕಿಕೊಂಡ ಕಥೆಯನ್ನು ನಿನ್ನ ಹೊಸ ಧಣಿಗೆ ಬರೆದು ಕಳಿಸುತ್ತೇನೆ.

ಹೋಗುವ ಹಿಂದಿನ ದಿನ ನನ್ನ ಕಂಪ್ಯೂಟರಿನ ಧೂಳು ತೆಗೆದು, ಮುಚ್ಚಳ ಬಿಗಿದು, ಪರದೆಯ ಮೂಲೆಯಲ್ಲಿ ಡಿಗ್ರಿಯ ಅಂಕಿ ಕಾಣುವ ಹಾಗೆ ಮಾಡಿ ಹೋದೆಯಲ್ಲ, ಈಗ ಅದನ್ನು ನೋಡುವುದೇ ನನಗೊಂದು ಚಾಳಿಯಾಗಿದೆ. ನೀನು ಹೇಳಿಕೊಟ್ಟ ಪಾಠ ಮರೆತಿಲ್ಲ. ಕೆಲಸ ಮಾಡುವ ಪ್ರೊಸೆಸರ್ ಬಿಸಿಯಾಗಲೇಬೇಕು, ಎಪ್ಪತ್ತು ಎಂಬತ್ತಕ್ಕೆ ಹೆದರಬಾರದು, ತೊಂಬತ್ತು ದಾಟಿದರೆ ಕಣ್ಣಿಡಬೇಕು, ನಮ್ಮದಕ್ಕೆ ನೂರು ಗಡಿ. ನೂರು ಮುಟ್ಟಿದರೆ ಅದು ಸುಟ್ಟುಕೊಳ್ಳದ ಹಾಗೆ ತಾನೇ ನಿಧಾನವಾಗುತ್ತದೆ. ಅದಕ್ಕೂ ತಣಿಯದಿದ್ದರೆ ತಾನೇ ಆರಿಹೋಗುತ್ತದೆ. ನಮ್ಮ ಯಂತ್ರಕ್ಕೆ ಆ ಕಷ್ಟವೇ ಇಲ್ಲ ಬಿಡು. ಎಷ್ಟು ಹೊರೆ ಹೇರಿದರೂ ಎಪ್ಪತ್ತೈದಕ್ಕೆ ಹೋಗಿ ನಿಂತರೆ ನಿಂತಿತು, ಒಂದು ಡಿಗ್ರಿ ಅತ್ತಿತ್ತ ಆಗುವುದಿಲ್ಲ. ಪ್ರೊಸೆಸರ್ ತಣಿಸಲು ಆ ದೊಡ್ಡ ತಾಮ್ರದ ಕೂಲರ್ ತಂದು ಕೂರಿಸಿದ್ದು ಸಾರ್ಥಕವಾಯಿತು. ಅದರ ಫ್ಯಾನಿಗೆ ವೈರ್ ತಾಗಿ ಟಿಕಟಿಕ ಅನ್ನುತ್ತಿದ್ದಾಗ ಅಮ್ಮ ಗುಂಡಿ ಹೊಲಿಯುವ ಕೆಂಪು ದಾರದಲ್ಲಿ ಗಂಟು ಹಾಕಿ ಕಟ್ಟಿದ್ದು ನೆನಪಿದೆಯಾ? ಕಂಪ್ಯೂಟರಿಗೆ ಕಾಜಾ ಹೊಲಿದ ಜಗತ್ತಿನ ಏಕೈಕ ದರ್ಜಿ ತಾನು ಅಂತ ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಹಗಲು ಪಠ್ಯಪುಸ್ತಕಕ್ಕೆ ಎಲೆ, ಬೇರು, ಕಪ್ಪೆಯ ಹೊಟ್ಟೆ ಬರೆದುಕೊಡುತ್ತೇನೆ. ಉಳಿದ ಹೊತ್ತೆಲ್ಲ ನನ್ನ ಅನಿಮೇಶನ್ ಸಿನಿಮಾಕ್ಕೆ. ಎಂಟೇ ನಿಮಿಷದ್ದಾದರೂ ಅಮ್ಮನ ಹೊಲಿಗೆ ಕೋಣೆ ಪೂರ್ತಿ ಬಂದಿದೆ. ಕೊನೆಯ ದೃಶ್ಯವೊಂದು ಬಾಕಿ: ಅಮ್ಮ ಮೇಜಿನ ಮೇಲೆ ಬಟ್ಟೆಯ ಥಾನು ಬಿಚ್ಚುತ್ತಾಳೆ, ಅದು ಕಿಟಕಿಯ ಬೆಳಕಿನಲ್ಲಿ ಉಬ್ಬಿ, ಮೇಜಿನ ಅಂಚಿನಿಂದ ಜಾರಿ ಬೀಳುತ್ತದೆ. ಒಂದೊಂದು ಮಡಿಕೆಯನ್ನೂ ಯಂತ್ರವೇ ಲೆಕ್ಕ ಹಾಕಿ ಬೀಳಿಸಬೇಕು. ಮೊನ್ನೆ ಅಮ್ಮನ ಕಣ್ಣಿನ ಡಾಕ್ಟರು ಸುತ್ತಿ ಬಳಸದೆ ಹೇಳಿದರು: ಕಣ್ಣೊಳಗಿನ ಒತ್ತಡ ಇಳಿಯುತ್ತಿಲ್ಲ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ನೋಡಬೇಕಾದ್ದನ್ನು ಈ ವರ್ಷವೇ ನೋಡಿಬಿಡಿ. ಅಮ್ಮ ಮನೆಗೆ ಬಂದವಳೇ ಕೇಳಿದ್ದು ಒಂದೇ, "ನಿನ್ನ ಬಟ್ಟೆ ಯಾವಾಗ ಬೀಳುತ್ತೆ?"

ನಿನ್ನ ಅಕ್ಕ

•

ಮೇ 9

ಅಕ್ಕಾ,

ಧಣಿಗೆ ಕಾಗದ ಬರೆಯಬೇಡ ಮಾರಾಯ್ತಿ, ಇಲ್ಲಿ ಈಗ ತಾನೇ ನನಗೊಂದು ಮರ್ಯಾದೆ ಹುಟ್ಟುತ್ತಿದೆ. ಹಾಲ್ ತುಂಬ ಕಂಪ್ಯೂಟರ್ ಆಟದ ಯಂತ್ರಗಳು, ಹುಡುಗರು ಬೆಳಗಿನಿಂದ ಬಂದು ಕೂತು ಪರದೆಯ ಮೇಲೆ ಬಡಿದಾಡುತ್ತಾರೆ. ಕೆಟ್ಟದ್ದನ್ನು ಸರಿ ಮಾಡುವುದು ನನ್ನ ಕೆಲಸ. ಅರ್ಧ ರೋಗಕ್ಕೆ ಒಂದೇ ಮದ್ದು, ಒಳಗಿನ ಧೂಳು ತೆಗೆದು ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ಸಾಗಿಸುವ ಪೇಸ್ಟ್ ಬದಲಾಯಿಸುವುದು. ಅಷ್ಟಕ್ಕೇ ನನ್ನನ್ನು ಡಾಕ್ಟರ್ ಅನ್ನುತ್ತಾರೆ.

ಇಲ್ಲೊಂದು ಪಂದ್ಯವಿದೆ. ಪ್ರೊಸೆಸರನ್ನು ಅದರ ಮಾಮೂಲಿ ವೇಗಕ್ಕಿಂತ ಹೆಚ್ಚು ಓಡಿಸಬೇಕು; ಬಿಸಿಗೆ ಸೋಲದೆ ಯಾರದು ನಿಲ್ಲುತ್ತದೋ ಅವರು ಗೆದ್ದ ಹಾಗೆ. ನಾನೂ ಹೆಸರು ಕೊಟ್ಟಿದ್ದೇನೆ. ನನ್ನ ಯಂತ್ರದ ಫೋಟೊ ಇದರ ಜೊತೆ ಇಟ್ಟಿದ್ದೇನೆ. ನೀಲಿ ದೀಪ ನೋಡು ಹೇಗಿದೆ, ಮದುಮಗನ ಹಾಗೆ.

ನಿನ್ನ ಎಪ್ಪತ್ತೈದು ಒಳ್ಳೆಯ ಅಂಕಿ. ಕೆಲಸದಲ್ಲಿರುವಾಗ ಮಾತ್ರ ನೋಡು, ಸುಮ್ಮನಿರುವಾಗಿನದನ್ನು ನೋಡಲು ಹೋಗಬೇಡ, ಅದಕ್ಕೇನೂ ಅರ್ಥವಿಲ್ಲ. ಮುಚ್ಚಳ ಮಾತ್ರ ಬಿಚ್ಚಬೇಡ. ದರ್ಜಿ ಮನೆಯ ಧೂಳಿಗಿಂತ ಅದರ ನಾರು ಕೆಟ್ಟದ್ದು, ಒಳಗೆ ಹೋದರೆ ಮುಗಿಯಿತು.

ಅಮ್ಮನಿಗೆ ಹೇಳು, ಊಟ ಸರಿಯಾಗಿ ಮಾಡುತ್ತಿದ್ದೇನೆ.

ಬಾಬಿನ್

•

ಜೂನ್ 4

ಬಾಬಿನ್,

ನಿನ್ನ ಮದುಮಗನ ಫೋಟೊ ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ, ನನ್ನ ತಮ್ಮ ಕಟ್ಟಿದ್ದು ಅಂತ ತೋರಿಸುತ್ತೇನೆ. ಅಮ್ಮನಿಗೆ ನೀಲಿಯ ಗುರುತು ಮಾತ್ರ ಸಿಕ್ಕಿತು. ಅಷ್ಟಕ್ಕೇ, "ಚೆನ್ನಾಗಿದೆ, ಅಸ್ತರಿಗೆ ಹಾಕೋ ನೀಲಿ" ಅಂದಳು.

ಈಗ ನನ್ನ ಗೋಳು ಕೇಳು. ಯಂತ್ರ ಆಮೆಯಾಗಿದೆ. ಚಳಿಗಾಲದಲ್ಲಿ ಒಂದು ಬೆಳಗಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎರಡು ದಿನ ಬೇಕು. ಬಟ್ಟೆಯ ದೃಶ್ಯ ಹಾಕಿದರೆ ಒಂದು ಫ್ರೇಮ್ ಮುಗಿಯುವುದರೊಳಗೆ ನಾನು ಅಡುಗೆ ಮುಗಿಸಿ, ಪಾತ್ರೆ ತೊಳೆದು, ಅಮ್ಮನಿಗೆ ಪೇಪರ್ ಓದಿ ಬಂದಿರುತ್ತೇನೆ. ಸೆಕೆ ಹೆಚ್ಚಿದ ಮಧ್ಯಾಹ್ನ ಮೂರು ಸಲ ತಾನಾಗಿಯೇ ಆರಿಹೋಯಿತು. ಬಿಸಿಯಿರಬೇಕು ಅಂತ ಓಡಿಬಂದು ನೋಡಿದರೆ, ಆರುವ ಮೊದಲು ಕಂಡ ಅಂಕಿ ಅದೇ ಎಪ್ಪತ್ತೇಳು, ಎಪ್ಪತ್ತೆಂಟು. ನೀನು ಹೇಳಿದ ಗಡಿ ಇನ್ನೂ ಎಲ್ಲೋ ಇದೆ. ಹಾಗಾದರೆ ಬಿಸಿಯಲ್ಲ. ಮತ್ತೇನು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೇ ಏನಾದರೂ ತಪ್ಪು ಮಾಡಿ ಯಂತ್ರದ ಮೇಲೆ ಹಾಕುತ್ತಿದ್ದೇನಾ ಅಂತ ಅನುಮಾನ ಬಂದಿದೆ. ಮೂಲೆಯಂಗಡಿಯಲ್ಲಿ ಹೊಸದಾಗಿ ಒಬ್ಬಳು ಕಂಪ್ಯೂಟರ್ ರಿಪೇರಿಗೆ ಕೂತಿದ್ದಾಳೆ, ಕರೆದು ತೋರಿಸಲಾ? ಅಥವಾ ನೀನು ಒಂದು ಭಾನುವಾರ ಬಂದು ಹೋಗು. ಅಮ್ಮನ ಬಲಗಣ್ಣು ಈಗ ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಎಡಗಣ್ಣಿನಲ್ಲಿ ನಡುವಿನ ಒಂದಿಷ್ಟು ಜಾಗ ಉಳಿದಿದೆಯಂತೆ, ಸೂಜಿಯ ಕಣ್ಣಿನಲ್ಲಿ ನೋಡಿದ ಹಾಗೆ ಅನ್ನುತ್ತಾಳೆ.

ನಿನ್ನ ಅಕ್ಕ

•

ಜೂನ್ 16

ಅಕ್ಕಾ,

ಯಾರನ್ನೂ ಕರೆಯಬೇಡ. ಮೂಲೆಯಂಗಡಿಯವರು ಒಂದು ಸ್ಕ್ರೂ ಬಿಚ್ಚಿ ಎರಡು ಕಳೆಯುತ್ತಾರೆ. ನನಗೆ ಪಂದ್ಯ ಮುಗಿಯುವವರೆಗೆ ರಜೆ ಸಿಗುವುದಿಲ್ಲ.

ಬಿಸಿಯಲ್ಲ ಅನ್ನುವುದು ನಿನಗೇ ಕಾಣುತ್ತಿದೆಯಲ್ಲ. ಆರಿಹೋಗುವುದು ಕರೆಂಟಿನ ಏರುಪೇರಿಗೆ ಇರಬಹುದು. ನಿಧಾನವಾಗಿರುವುದು ನಿನ್ನ ಬಟ್ಟೆಯಿಂದ. ಅಷ್ಟೊಂದು ಮಡಿಕೆ, ಅಷ್ಟೊಂದು ನೆರಳು, ಮನೆಯ ಯಂತ್ರ ಹೊರುವ ಹೊರೆಯಲ್ಲ ಅದು. ಮಡಿಕೆ ಕಡಿಮೆ ಮಾಡು. ಅಥವಾ ಆ ದೃಶ್ಯವನ್ನೇ ತೆಗೆದು, ಬಟ್ಟೆ ಮೇಜಿನ ಮೇಲೆ ಹರಡಿದ ಒಂದು ಚಿತ್ರ ಬರೆದು ಇಟ್ಟುಬಿಡು. ನೀನು ಬರೆದ ಚಿತ್ರವೇ ಸಾಕಷ್ಟು ಚೆನ್ನಾಗಿರುತ್ತದೆ. ಬೇಜಾರು ಮಾಡಿಕೊಳ್ಳಬೇಡ, ಈಗ ಅಮ್ಮನಿಗೆ ಮಡಿಕೆ ಎಣಿಸುವಷ್ಟು ಕಣ್ಣಾದರೂ ಎಲ್ಲಿದೆ?

ಬಾಬಿನ್

•

ಆಗಸ್ಟ್ 12

ಬಾಬಿನ್,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಸಿಟ್ಟೇ ಕಾರಣ. ನಿನ್ನ ಮೇಲಲ್ಲ, ನನ್ನ ಮೇಲೆ. ನೀನು ಹೇಳಿದ ಹಾಗೆ ಮಡಿಕೆ ಕಡಿಮೆ ಮಾಡಿದೆ. ಆಗಲಿಲ್ಲ. ಇನ್ನೂ ಕಡಿಮೆ ಮಾಡಿದೆ. ಬಟ್ಟೆ ರಟ್ಟಿನ ಹಾಗಾಯಿತು, ಆದರೂ ಯಂತ್ರ ಏಳಲಿಲ್ಲ. ಅಷ್ಟರಲ್ಲಿ ಅಮ್ಮ ಒಂದು ಬೆಳಿಗ್ಗೆ ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಕತ್ತರಿ ಎಲ್ಲಿ ಅಂತ ಹುಡುಕಿದಳು. ಅವತ್ತೇ ಆ ದೃಶ್ಯವನ್ನು ಬದಿಗಿಟ್ಟು, ಒಂದು ಚಿತ್ರ ಬರೆದು ಅಂಟಿಸಿ, ಸಿನಿಮಾ ಮುಗಿಸಿದೆ.

ಭಾನುವಾರ ಅಮ್ಮನನ್ನು ಪರದೆಯ ಹತ್ತಿರಕ್ಕೆ ಎಳೆದು ಕೂರಿಸಿ ತೋರಿಸಿದೆ. ಅಳತೆ ತೆಗೆಯುವ ದೃಶ್ಯ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ದಪ್ಪ ಹೆಂಗಸೊಬ್ಬಳು ಉಸಿರು ಬಿಗಿಹಿಡಿದು ನಿಂತಿರುತ್ತಾಳೆ, ಅಮ್ಮ ಟೇಪು ಸುತ್ತಿ "ಮೂವತ್ನಾಲ್ಕು, ಬರ್ಕೋ ಮರಿ" ಅಂತ ಕೂಗುತ್ತಾಳೆ, ನೀನು ಮೂಲೆಯಲ್ಲಿ ಕೂತು ಮೂವತ್ತಾರು ಅಂತ ಬರೆದುಕೊಳ್ಳುತ್ತೀಯ. ಅಮ್ಮ ಬರೀ "ಬರ್ಕೋ" ಅಂದರೆ ಹೇಳಿದ ಅಳತೆಯೇ, "ಬರ್ಕೋ ಮರಿ" ಅಂದರೆ ಎರಡಿಂಚು ಸೇರಿಸಬೇಕು. ಗಿರಾಕಿಯ ಕಿವಿಗೆ ಒಂದು, ಕತ್ತರಿಗೆ ಒಂದು. ಅವರು ಸೊಂಟ ಸಣ್ಣಗಿದೆ ಅಂತ ಹಿಗ್ಗಿಕೊಂಡು ಹೋಗುತ್ತಿದ್ದರು, ಬಟ್ಟೆ ಸರಿಯಾಗಿ ಕೂರುತ್ತಿತ್ತು, ಯಾರಿಗೂ ಮೋಸವಿರಲಿಲ್ಲ.

ಕೊನೆಗೆ ಆ ಚಿತ್ರ ಬಂತು. ಅಮ್ಮ ಮುಖವನ್ನು ಇನ್ನೂ ಹತ್ತಿರ ತಂದಳು. ಸಿನಿಮಾ ಮುಗಿದ ಮೇಲೂ ಹಾಗೆಯೇ ಕೂತಿದ್ದಳು. ಆಮೇಲೆ ಮೆಲ್ಲಗೆ, "ಬಟ್ಟೆ ಬೀಳಲೇ ಇಲ್ವಲ್ಲ" ಅಂದಳು.

ನನ್ನ ಕೈಲಾಗಲಿಲ್ಲ ಅಮ್ಮ, ಅಂದೆ. ಅವಳು ನನ್ನ ಬೆನ್ನು ಸವರಿ, ಉಳಿದದ್ದೆಲ್ಲ ಚೆನ್ನಾಗಿದೆ ಅಂತ ಸಮಾಧಾನ ಮಾಡಿದಳು. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವಳು ಅವಳು. ಇಷ್ಟು ವರ್ಷ ಚಿತ್ರ ಬರೆದುಕೊಂಡು ಬದುಕಿದವಳಿಗೆ ಒಂದು ಬಟ್ಟೆ ಬೀಳಿಸಲು ಬರಲಿಲ್ಲ.

ಅಕ್ಕ

•

ಸೆಪ್ಟೆಂಬರ್ 20

ಅಕ್ಕಾ,

ಮೂರನೇ ಬಹುಮಾನ ಬಂತು. ಮೊದಲ ಇಬ್ಬರು ನೀರಿನಲ್ಲಿ ತಣಿಸುವ ಯಂತ್ರ ತಂದಿದ್ದರು, ಬರೀ ಗಾಳಿಯಲ್ಲಿ ತಣಿಸಿದವರಲ್ಲಿ ನಾನೇ ಮುಂದೆ. ಧಣಿ ನನ್ನ ಯಂತ್ರವನ್ನು ಹಾಲಿನ ಬಾಗಿಲಲ್ಲೇ ಇಡಿಸಿದ್ದಾನೆ.

ನಿನ್ನ ಸಿನಿಮಾ ಚೆನ್ನಾಗಿಯೇ ಬಂದಿರುತ್ತದೆ. ಒಂದು ದೃಶ್ಯಕ್ಕೆ ಯಾಕೆ ಅಷ್ಟು ಕೊರಗುತ್ತೀಯ? ಅಮ್ಮನಿಗೆ ನಮಸ್ಕಾರ ಹೇಳು. ಇಲ್ಲಿ ತುಂಬ ಕೆಲಸ.

ಬಾಬಿನ್

•

ನವೆಂಬರ್ 18

ಬಾಬಿನ್,

ಅಮ್ಮನಿಗೆ ಈಗ ಬೆಳಕು ಯಾವ ಕಡೆಯಿದೆ ಅನ್ನುವುದಷ್ಟೇ ತಿಳಿಯುತ್ತದೆ. ಫೋನಿನಲ್ಲಿ ನಿನಗೆ ಹೇಳಬೇಡ ಅಂದಿದ್ದಳು, ಆದರೂ ಬರೆಯುತ್ತಿದ್ದೇನೆ. ಅತ್ತಿಲ್ಲ. ಗುಂಡಿಗಳ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಎರಡು ತೂತಿನದು, ನಾಲ್ಕು ತೂತಿನದು ಅಂತ ಬೇರೆ ಮಾಡುತ್ತಾ ಕೂರುತ್ತಾಳೆ.

ಕಣ್ಣಿನ ಹನಿ ಮಾತ್ರ ನಿಲ್ಲಿಸುವ ಹಾಗಿಲ್ಲ, ಬಿಟ್ಟರೆ ನೋವು ಬರುತ್ತದೆ. ಆ ಸೀಸೆಯನ್ನು ಇಪ್ಪತ್ತೈದು ಡಿಗ್ರಿಗಿಂತ ಕೆಳಗೆ ಇಡಬೇಕಂತೆ. ಅದಕ್ಕೆ ಗೋಡೆಗೆ ಒಂದು ಥರ್ಮಾಮೀಟರ್ ತಂದು ಹಾಕಿದೆ. ಮೊಳೆ ಇದ್ದದ್ದು ಕಂಪ್ಯೂಟರಿನ ಪಕ್ಕದಲ್ಲೇ, ಅಲ್ಲೇ ನೇತುಹಾಕಿದೆ. ಈಗ ನೋಡು ತಮಾಷೆ. ಬೆಳಿಗ್ಗೆ ಯಂತ್ರ ಹಾಕಿ, ಇನ್ನೂ ಏನೂ ಕೆಲಸ ಕೊಡದೆ ಕೂತಿದ್ದೆ. ಗೋಡೆಯ ಮೇಲೆ ಇಪ್ಪತ್ತೊಂದು, ಪ್ರೊಸೆಸರಿನದು ಹದಿನಾಲ್ಕು. ಮಾರನೇ ದಿನವೂ ಹಾಗೆಯೇ. ನಮ್ಮ ಕಂಪ್ಯೂಟರ್ ಯಾವಾಗ ಫ್ರಿಜ್ ಆಯಿತೋ? ಅಮ್ಮನ ಹನಿಯ ಸೀಸೆಯನ್ನು ಅದರೊಳಗೇ ಇಡಲಾ?

ನಗುವುದಕ್ಕೆ ಬರೆದೆ, ಆದರೆ ಉತ್ತರವೂ ಬೇಕು. ಹೀಗಾಗಲು ಸಾಧ್ಯವಾ?

ನಿನ್ನ ಅಕ್ಕ

•

ನವೆಂಬರ್ 27

ಅಕ್ಕಾ,

ಅಮ್ಮನ ಸುದ್ದಿ ಓದಿದೆ. ಬರುತ್ತೇನೆ, ಸ್ವಲ್ಪ ದಿನ ಕೊಡು.

ಆ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡ. ಪ್ರೊಸೆಸರಿನೊಳಗಿನ ಸೆನ್ಸರ್ ಮೇಲಿನ ಗಡಿಯ ಹತ್ತಿರ ಸರಿಯಾಗಿ ತೋರಿಸಬೇಕು ಅಂತ ಮಾಡಿದ್ದು. ತಣ್ಣಗಿರುವಾಗ ಅಂದಾಜಿನ ಮೇಲೆ ಏನೋ ಒಂದು ಹೇಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಬೇಕಾದರೆ ಯಾರನ್ನಾದರೂ ಕೇಳು. ಅದಕ್ಕೇ ಅವತ್ತೇ ಹೇಳಿದ್ದೆ, ಸುಮ್ಮನಿರುವಾಗ ನೋಡಬೇಡ ಅಂತ. ಮುಚ್ಚಳ ಬಿಚ್ಚಬೇಡ.

ಬಾಬಿನ್

•

ಡಿಸೆಂಬರ್ 8

ತಮ್ಮನಿಗೆ,

ಬೇಕಾದರೆ ಯಾರನ್ನಾದರೂ ಕೇಳು ಅಂದೆ. ಕೇಳಿದೆ.

ಮೊದಲು ನಿನ್ನ ಮಾತನ್ನು ನಂಬಿಯೇ ಇದ್ದೆ. ಕಾಗದ ಓದಿ ಮುಗಿಸಿ, ಅಮ್ಮನ ಸೀರೆಗೆ ಇಸ್ತ್ರಿ ಮಾಡಿ, ಪೆಟ್ಟಿಗೆಯನ್ನು ಆರಲು ಇಟ್ಟೆ. ಇನ್ನೊಂದು ಸೀರೆ ನೆನಪಾಗಿ ಬಂದು ಮುಟ್ಟಿದಾಗ ಅದು ಪೂರ್ತಿ ಆರಿತ್ತು. ಎಷ್ಟು ಆರಿತ್ತು? ಕೋಣೆಯಷ್ಟು. ಇಸ್ತ್ರಿ ಪೆಟ್ಟಿಗೆ ಇಡೀ ವಾರ ಬಿಟ್ಟರೂ ಕೋಣೆಗಿಂತ ತಣ್ಣಗಾಗುತ್ತದಾ? ಫ್ಯಾನು ಬೀಸುವುದು ಕೋಣೆಯ ಗಾಳಿಯನ್ನೇ. ಒಳಗೆ ಕರೆಂಟು ಹರಿಯುತ್ತಾ ಇರುವ ಒಂದು ವಸ್ತು, ಬರೀ ಗಾಳಿಗೆ, ಕೋಣೆಗಿಂತ ಏಳು ಡಿಗ್ರಿ ಕೆಳಗೆ ಹೋಗಿ ದಿನವೂ ಅಲ್ಲೇ ನಿಲ್ಲುತ್ತದಾ? ಸೆನ್ಸರ್ ಅಂದಾಜಿಗೆ ಒಂದೆರಡು ಡಿಗ್ರಿ ತಪ್ಪಲಿ. ಇದು ತಪ್ಪಿದ ಹಾಗೆ ಕಾಣಲಿಲ್ಲ.

ಮೂಲೆಯಂಗಡಿಯವಳನ್ನು ಕರೆದೆ. ಅವಳು ಮುಚ್ಚಳ ಮುಟ್ಟುವ ಮೊದಲು, ಅಂಕಿ ತೋರಿಸುವ ಪ್ರೋಗ್ರಾಮನ್ನು ತೆರೆದಳು. ಒಳಗೊಂದು ಪುಟದಲ್ಲಿ ಚಿಕ್ಕ ಚೌಕ. ಸೆನ್ಸರ್ ತಪ್ಪು ತೋರಿಸಿದರೆ ನಾವೇ ಕೂಡಲು ಕಳೆಯಲು ಇರುವ ಜಾಗವಂತೆ. ಅದರಲ್ಲಿ ಕಳೆ ಇಪ್ಪತ್ತೈದು ಅಂತ ಇತ್ತು. "ಇದು ತಾನಾಗೇ ಬರಲ್ಲಕ್ಕ, ಯಾರೋ ಕೈಯಾರೆ ಹಾಕಿದಾರೆ" ಅಂದಳು. ಅದನ್ನು ಅಳಿಸಿ ಬಟ್ಟೆಯ ದೃಶ್ಯ ಹಾಕಿದೆವು. ಅಂಕಿ ಎಂಬತ್ತು, ತೊಂಬತ್ತು, ನೂರು. ನೂರರಲ್ಲಿ ನಿಂತಿತು. ಅಲ್ಲಾಡಲಿಲ್ಲ.

ಅರ್ಥವಾಯಿತಾ ನಿನಗೆ? ನಿನಗೆ ಯಾವತ್ತೋ ಆಗಿತ್ತು, ಆಗದೆ ಇದ್ದದ್ದು ನನಗೆ. ನಾನು ಹಾಡಿ ಹೊಗಳಿದ ಆ ಎಪ್ಪತ್ತೈದು, ನೂರು. ಗಡಿಗೆ ತಲೆ ಕೊಟ್ಟುಕೊಂಡು ಆ ಯಂತ್ರ ಏಪ್ರಿಲ್‌ನಿಂದ ಉಸಿರು ಕಟ್ಟಿ ತೆವಳುತ್ತಿತ್ತು. ಆರಿಹೋಗುತ್ತಿದ್ದದ್ದು ಕರೆಂಟಿಗಲ್ಲ, ಪ್ರಾಣ ಉಳಿಸಿಕೊಳ್ಳಲು.

ಆಮೇಲೆ ಅಮ್ಮನ ಹೊಲಿಗೆ ಯಂತ್ರದ ಸ್ಕ್ರೂಡ್ರೈವರಿನಿಂದ ನಾನೇ ಮುಚ್ಚಳ ಬಿಚ್ಚಿದೆ. ಎರಡು ಇಟ್ಟಿಗೆಯಷ್ಟು ದೊಡ್ಡ ಕೂಲರ್ ಇರಬೇಕಾದ ಕಡೆ ಅಂಗೈಯಷ್ಟು ಒಂದು ಫ್ಯಾನು ಕೂತಿತ್ತು. ಕಾಗದದ ತಟ್ಟೆಯಲ್ಲಿ ಊಟ ಬಡಿಸಿದ ಹಾಗೆ. ತಲೆಯೆತ್ತಿದರೆ ಎದುರಿಗೆ ಗೋಡೆಯ ಮೇಲೆ ನಿನ್ನ ಮದುಮಗನ ಫೋಟೊ. ಇಷ್ಟು ತಿಂಗಳು ಬಂದವರಿಗೆಲ್ಲ ತೋರಿಸಿದ ಫೋಟೊ. ನೀಲಿ ದೀಪದ ನಡುವೆ ತಾಮ್ರದ ಕೂಲರ್, ಅದರ ಫ್ಯಾನಿನ ವೈರಿಗೆ ಕೆಂಪು ದಾರ. ಕಣ್ಣಿದ್ದೂ ಕುರುಡಿಯಾದವಳು ನಾನು.

ಬೇಲಿಯೇ ಎದ್ದು ಹೊಲ ಮೇಯಿತು ಅನ್ನುವುದನ್ನು ಮಕ್ಕಳ ಪಾಠಕ್ಕೆ ಚಿತ್ರವಾಗಿ ಬರೆದುಕೊಟ್ಟಿದ್ದೇನೆ. ನನ್ನ ಮನೆಯಲ್ಲೇ ನೋಡುತ್ತೇನೆ ಅಂದುಕೊಂಡಿರಲಿಲ್ಲ. ಕೂಲರ್ ತೆಗೆದುಕೊಂಡು ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ನಿನಗೆ ಪಂದ್ಯವಿದೆ ಅಂದಿದ್ದರೆ ನಾನೇ ಬಿಚ್ಚಿಸಿ, ಬಟ್ಟೆ ಸುತ್ತಿ, ಬ್ಯಾಗಿಗೆ ಹಾಕಿ ಕಳಿಸುತ್ತಿದ್ದೆ. ಮನೆಯ ಯಂತ್ರ ನಿಧಾನವಾಗಿದೆ, ಕಾರಣ ಇದು ಅಂತ ನನಗೆ ಗೊತ್ತಿರುತ್ತಿತ್ತು. ಬೇರೊಂದು ಕೂಲರ್ ತಂದುಕೊಳ್ಳುತ್ತಿದ್ದೆ. ನಾನು ಜೂನ್‌ನಲ್ಲಿ ಕೈಮುಗಿದ ಹಾಗೆ ಕೇಳಿದೆ, ಮತ್ತೇನು ಅಂತ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಕೂತು ಬರೆದೆ, ನಿನ್ನ ಬಟ್ಟೆಯದೇ ತಪ್ಪು, ಅದನ್ನು ತೆಗೆದುಬಿಡು ಅಂತ. ನಾನು ತೆಗೆದೆ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಗುಂಡಿ ಬೇರೆ ಮಾಡುತ್ತಿದ್ದಾಳೆ.

ಅಕ್ಕ

•

ಡಿಸೆಂಬರ್ 19

ಅಕ್ಕಾ,

ಹದಿನೈದು ದಿನಕ್ಕೆ ಅಂತಲೇ ತೆಗೆದುಕೊಂಡೆ. ಆಯ್ಕೆ ಸುತ್ತು ಮುಗಿದ ತಕ್ಷಣ ತಂದು ಕೂರಿಸುತ್ತೇನೆ, ನಿನಗೆ ಗೊತ್ತೇ ಆಗುವುದಿಲ್ಲ ಅಂದುಕೊಂಡಿದ್ದೆ. ಪಂದ್ಯ ಮುಂದಕ್ಕೆ ಹೋಯಿತು. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಅಂಕಿ ಕಡಿಮೆ ಮಾಡಿದ್ದು ನಿನ್ನ ಕೆಲಸ ಕೆಡಿಸಲು ಅಂತ ತಿಳಿಯಬೇಡ. ನೂರು ಅಂತ ನೋಡಿದರೆ ನೀನು ಹೆದರಿ ಯಂತ್ರವನ್ನೇ ಮುಟ್ಟುತ್ತಿರಲಿಲ್ಲ. ನೂರರಲ್ಲಿ ಅದು ಸುಡುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ, ಅದು ನನಗೆ ಗೊತ್ತಿತ್ತು.

ಅಮ್ಮ ಮಾಡುತ್ತಿದ್ದದ್ದೂ ಅದೇ ಅಲ್ಲವಾ? ಮೂವತ್ತಾರನ್ನು ಮೂವತ್ನಾಲ್ಕು ಅನ್ನುತ್ತಿದ್ದಳು, ಎದುರಿಗಿದ್ದವರಿಗೆ ನೆಮ್ಮದಿಯಾಗಲಿ ಅಂತ. ಅದೇ ಕೋಣೆಯಲ್ಲಿ ನಾನೂ ಬೆಳೆದವನು. ನನ್ನದೊಂದೇ ಯಾಕೆ ದ್ರೋಹವಾಗಬೇಕು?

ಅಮ್ಮನಿಗೆ ಹೇಳಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಬಾಬಿನ್

•

ಜನವರಿ 3

ತಮ್ಮನಿಗೆ,

ಉತ್ತರ ಬರೆಯಬಾರದು ಅಂತಿದ್ದೆ. ಆದರೆ ಅಮ್ಮನ ಟೇಪನ್ನು ನಿನ್ನ ಕಡೆಯ ಸಾಕ್ಷಿಗೆ ಎಳೆದುತಂದಿದ್ದೀಯ, ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ಗಿರಾಕಿಗೆ ಮೂವತ್ನಾಲ್ಕು ಅಂದಳು, ನಿಜ. ನಮಗೆ? ನಮಗೆ ಯಾವತ್ತಾದರೂ ಸುಳ್ಳು ಅಳತೆ ಕೊಟ್ಟಳಾ? "ಮರಿ" ಅನ್ನುವ ಆ ಒಂದು ಮಾತು ಯಾಕಿತ್ತು? ಬಟ್ಟೆ ಮಾತ್ರ ಸರಿಯಾದ ಅಳತೆಗೇ ಕತ್ತರಿಸಬೇಕು ಅಂತ. ಹೊರಗಿನವರಿಗೆ ಹಿತವಾದ ಅಂಕಿ, ಮನೆಯವರಿಗೆ ನಿಜವಾದ ಅಂಕಿ. ಆ ಕೋಣೆಯಲ್ಲಿ ನಾವು ಮೂವರು ಒಂದು ಕಡೆ, ಗಿರಾಕಿ ಇನ್ನೊಂದು ಕಡೆ. ಬಡತನದಲ್ಲೂ ನಮಗೆ ಅದೊಂದು ಐಶ್ವರ್ಯವಾಗಿತ್ತು.

ನೀನು ನನಗೆ ಎಪ್ಪತ್ತೈದು ಅಂದೆ, "ಮರಿ" ಅನ್ನಲಿಲ್ಲ. ನಾನು ಆ ಸುಳ್ಳು ಅಳತೆಗೇ ಕತ್ತರಿ ಹಾಕಿದೆ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ ಅನ್ನುವುದು ದರ್ಜಿಯ ಮಗನಿಗೆ ಹೇಳಿಕೊಡಬೇಕಾ?

ನಾನು ನಿನ್ನ ಗಿರಾಕಿಯಾ?

ಅಕ್ಕ

•

ಫೆಬ್ರುವರಿ 15

ಬಾಬಿನ್,

ನಿನ್ನ ಪಾರ್ಸೆಲ್ ಬಂದು ಮುಟ್ಟಿತು. ಒಳಗೆ ಒಂದು ಗೆರೆಯ ಕಾಗದವೂ ಇರಲಿಲ್ಲ. ಹುಡುಕಿದೆ, ರಟ್ಟಿನ ಅಡಿಯಲ್ಲೂ ನೋಡಿದೆ.

ಡಬ್ಬಿ ಬಿಚ್ಚುವಾಗ ಅಮ್ಮ ಪಕ್ಕದಲ್ಲೇ ಇದ್ದಳು. ಯಂತ್ರಕ್ಕೆ ಏನೋ ಸಾಮಾನು ಅಂದೆ. ಸುಳ್ಳೇನಲ್ಲ. ಅವಳಿಗೆ ಈಗ ಎಲ್ಲವನ್ನೂ ಮುಟ್ಟಿಯೇ ನೋಡಬೇಕು, ಕೈ ಚಾಚಿದಳು, ಕೊಡದೆ ಇರಲಾಗಲಿಲ್ಲ. ಕೂಲರಿನ ತಾಮ್ರದ ಎಲೆಗಳ ಮೇಲೆ ಬೆರಳು ಓಡಿಸಿದಳು. ಫ್ಯಾನಿನ ಅಂಚಿಗೆ ಬಂದಳು. ವೈರಿನ ಹತ್ತಿರ ಬೆರಳು ನಿಂತಿತು. ಹೆಬ್ಬೆರಳಿನಿಂದ ಗಂಟನ್ನು ಎರಡು ಸಲ ತಿರುಗಿಸಿ ನೋಡಿದಳು.

"ಇದು ನನ್ನ ಗಂಟು" ಅಂದಳು.

ಇದು ನಮ್ಮ ಯಂತ್ರದೊಳಗೆ ಇರಬೇಕಲ್ಲ, ಟಪಾಲಿನಲ್ಲಿ ಯಾಕೆ ಬಂತು ಅಂತ ಕೇಳಿದಳು. ನೀನು ಹೇಳಬೇಡ ಅಂದಿದ್ದೆ. ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಬಟ್ಟೆ ಬೀಳದೆ ಇದ್ದದ್ದು ಇದಿಲ್ಲದೆಯಾ ಅಂದಳು. ಹ್ಞೂಂ ಅಂದೆ. ಅವತ್ತು ಅವಳು ಗುಂಡಿಯ ಡಬ್ಬಿ ತೆಗೆಯಲಿಲ್ಲ.

ಮೂಲೆಯಂಗಡಿಯವಳು ಬಂದು ಹೊಸ ಪೇಸ್ಟ್ ಹಚ್ಚಿ ಕೂರಿಸಿಕೊಟ್ಟಳು. ಕಳೆಯುವ ಚೌಕ ಖಾಲಿಯಿದೆ, ಮತ್ತೆ ಮತ್ತೆ ನೋಡಿದ್ದೇನೆ. ಸುಮ್ಮನಿರುವಾಗ ಮೂವತ್ತಮೂರು, ಗೋಡೆಯದಕ್ಕಿಂತ ಮೇಲೆ, ಇರಬೇಕಾದ ಹಾಗೆ. ಕೆಲಸದಲ್ಲಿ ಅರವತ್ತೆಂಟು. ಬದಿಗಿಟ್ಟಿದ್ದ ದೃಶ್ಯವನ್ನು ತೆಗೆದು, ನಿನ್ನ ಮಾತು ಕೇಳಿ ಕಡಿಮೆ ಮಾಡಿದ್ದ ಮಡಿಕೆಗಳನ್ನೆಲ್ಲ ಹಿಂದಕ್ಕೆ ಹಾಕಿ, ಓಡಲು ಬಿಟ್ಟೆ. ಒಂದು ಸಲವೂ ಆರಲಿಲ್ಲ. ನಿನ್ನೆ ಬೆಳಿಗ್ಗೆ ಮುಗಿಯಿತು.

ಅಮ್ಮನನ್ನು ಕರೆದು ಕೂರಿಸಿದೆ. ಬಟ್ಟೆ ಉಬ್ಬಿತು, ಒಂದು ಗಳಿಗೆ ಬೆಳಕಿನಲ್ಲಿ ನಿಂತಿತು, ಅಂಚಿನಿಂದ ಜಾರಿತು, ಮಡಿಕೆಯ ಮೇಲೆ ಮಡಿಕೆ ಬಿತ್ತು. ಬಾಬಿನ್, ಅಷ್ಟು ಚೆನ್ನಾಗಿ ಬಂದಿದೆ. ನನ್ನ ಕೈಯಲ್ಲಿ ಆಗದ ಕೆಲಸವಾಗಿರಲಿಲ್ಲ ಅದು. ಅಮ್ಮ ಪರದೆಯ ಕಡೆಗೆ ಮುಖ ಮಾಡಿ ಕೂತಿದ್ದಳು, ಆದರೆ ಒಂದು ಗೇಣು ಆಚೆಗೆ, ಕಿಟಕಿಯ ಬೆಳಕು ಇದ್ದ ಕಡೆಗೆ. ಯಾವ ಬಟ್ಟೆ ಅಂತ ಕೇಳಿದಳು. ಮಸ್ಲಿನ್ ಅಂದೆ. ಅಂಚಿನಲ್ಲಿ ಒಂದು ಕ್ಷಣ ನಿಂತು ಬಿತ್ತಾ, ಒಂದೇ ಸಲ ಬಿತ್ತಾ ಅಂತ ಕೇಳಿದಳು. ನಿಂತು ಬಿತ್ತು ಅಂದೆ. ಹಾಗಾದರೆ ಸರಿಯಾಗಿದೆ ಅಂದಳು.

ಆಮೇಲೆ ನಿನಗೆ ಕಾಗದ ಬರೆಯಲು ಹೇಳಿದಳು. ನಾನು ಪೆನ್ನು ತೆಗೆದುಕೊಂಡು ಅವಳ ಪಕ್ಕ ಕೂತೆ.

"ಅವನಿಗೆ ಹೇಳು, ಬಟ್ಟೆ ಬಿತ್ತು, ಅಮ್ಮ ಕಣ್ತುಂಬ ನೋಡಿದ್ಲು ಅಂತ" ಅಂದಳು. ನನ್ನ ಮೊಣಕೈ ಮುಟ್ಟಿ, "ಬರ್ಕೋ ಮರಿ" ಅಂದಳು.

ಅದರ ಅರ್ಥ ಅವಳನ್ನು ಬಿಟ್ಟರೆ ಈ ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅವಳು ನಿನ್ನನ್ನು ಗಿರಾಕಿಯ ಹಾಗೆ ನೆಮ್ಮದಿಯಾಗಿ ಕಳಿಸಿಕೊಡಬೇಕು ಅಂತ ಇದ್ದಾಳೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುತ್ತದೋ ಇಲ್ಲವೋ ಅದೂ ತಿಳಿಯದು. ಆದರೆ ಎಷ್ಟೇ ಸಿಟ್ಟಿದ್ದರೂ ನಿನ್ನನ್ನು ಮಾತ್ರ ನಾನು ಗಿರಾಕಿ ಮಾಡುವುದಿಲ್ಲ. ಮನೆಯವರಿಗೆ ಕೊಡಬೇಕಾದ ಅಳತೆಯನ್ನೇ ಕೊಡುತ್ತಿದ್ದೇನೆ, ಬರೆದುಕೋ.

ಅಮ್ಮ ನೋಡಲಿಲ್ಲ.

ನಿನ್ನ ಅಕ್ಕ